ಹಳಿ ಹಾಕಿದರೆ ಸಾಲದು, ರೈಲು ತನ್ನಿ!

ಬೆಂಗಳೂರು ಉಪನಗರ ರೈಲಿನ ಬೋಗಿಗಳಿಗಾಗಿ ಪ್ರಯಾಣಿಕರ ಕರೆ

ಸಹಪ್ರಯಾಣಿಕರೇ, ಬೆಂಗಳೂರಿನ ಬಂಧುಗಳೇ,

ಎರಡು ನಿಮಿಷ ನಿಂತು ಓದಿ. ಬಸ್ಸಿನಲ್ಲಿದ್ದರೆ ಕೂತು ಓದಿ. ಹೆಬ್ಬಾಳದಲ್ಲೋ ಸಿಲ್ಕ್ ಬೋರ್ಡಿನಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಪೂರ್ತಿ ಓದುವಷ್ಟು ಸಮಯ ನಿಮಗಿದೆ.

ಈ ಊರಿಗೆ ಉಪನಗರ ರೈಲು ಬರುತ್ತದೆ ಎಂದು ಕೇಳುತ್ತ ಒಂದು ತಲೆಮಾರು ನಿವೃತ್ತಿಯಾಯಿತು. ಈಗ ಕೆಲಸವೇನೋ ಶುರುವಾಗಿದೆ. ಅಲ್ಲಲ್ಲಿ ಕಂಬ ಎದ್ದಿವೆ, ಮಣ್ಣು ಅಗೆದಿದ್ದಾರೆ. ಸುದ್ದಿಯಲ್ಲಿ ಬರುವುದೆಲ್ಲ ಭೂಮಿ, ಗುತ್ತಿಗೆ, ಮೇಲ್ಸೇತುವೆ, ನಿಲ್ದಾಣದ ಮಾತು. ಆದರೆ ಪ್ರಯಾಣಿಕರು ಹತ್ತುವುದು ಕಂಬವನ್ನಲ್ಲ, ರೈಲನ್ನು. ಆ ರೈಲು ಎಂದು ಬರುತ್ತದೆ, ಎಷ್ಟು ಬರುತ್ತವೆ, ಹೇಗಿರುತ್ತವೆ ಎಂದು ಕೇಳುವವರು ಕಡಿಮೆ. ನಾವು ಕೇಳೋಣ. ಈಗಲೇ ಕೇಳೋಣ. ಮಾರ್ಗ ಸಿದ್ಧವಾಗುವ ದಿನಕ್ಕೆ ಸಾಕಷ್ಟು ರೈಲುಗಳೂ ಸಿದ್ಧವಾಗಿರಬೇಕು. ನಮ್ಮ ಒತ್ತಾಯ ಇಷ್ಟೇ. ಇದು ಯಾಕೆ ಇಷ್ಟು ಮುಖ್ಯ ಎನ್ನುವುದನ್ನು ನಮ್ಮ ಊರೇ ಇತ್ತೀಚೆಗೆ ಕಣ್ಣಾರೆ ಕಂಡಿದೆ.

ಹಳದಿ ಮಾರ್ಗ ಕಲಿಸಿದ ಪಾಠ

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ 19 ಕಿಲೋಮೀಟರ್ ದಾಟುತ್ತದೆ. ನಿಲ್ದಾಣಗಳು 16. ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ, ಕೂಡ್ಲು ಗೇಟ್, ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ: ಊರಿನಲ್ಲಿ ಅತಿ ಹೆಚ್ಚು ಜನ ಕೆಲಸಕ್ಕೆ ಹೋಗುವ ದಾರಿಗಳಲ್ಲಿ ಇದೂ ಒಂದು. ಇದಕ್ಕೆ ಬೇಕಾದ ಬೋಗಿಗಳ ಗುತ್ತಿಗೆ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋದದ್ದು 2019ರಲ್ಲಿ. ನೇರಳೆ ಮತ್ತು ಹಸಿರು ಮಾರ್ಗಗಳಿಗೆ ಬೇಕಾದವೂ ಸೇರಿ ಒಟ್ಟು 216 ಬೋಗಿ, ಅಂದರೆ ಆರು ಬೋಗಿಗಳ 36 ರೈಲು. ಬಹುಪಾಲು ಬೋಗಿಗಳನ್ನು ಭಾರತದಲ್ಲೇ ತಯಾರಿಸಿ ಕೊಡಬೇಕಿತ್ತು. ಮರುವರ್ಷವೇ ಕೋವಿಡ್ ಬಂತು. ಗಡಿಯಲ್ಲಿ ಬಿಗುವಿನ ವಾತಾವರಣ ಹುಟ್ಟಿತು, ನೆರೆದೇಶಗಳ ಹೂಡಿಕೆಗೆ ಹೊಸ ನಿಯಮಗಳು ಬಂದವು. ಕಂಪನಿಯ ಕಾರ್ಖಾನೆ ಇಲ್ಲಿ ಏಳಲಿಲ್ಲ. ಕೊನೆಗೆ ಪಶ್ಚಿಮ ಬಂಗಾಳದ ಟಿಟಾಗಢ ಕಂಪನಿ ಜೊತೆಗೂಡಿ ಬೋಗಿ ಕಟ್ಟತೊಡಗಿತು.

ಮೊದಲ ರೈಲು ಚೀನಾದಿಂದ ಹಡಗಿನಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ಲಾರಿಗಳ ಮೇಲೆ ಹೆಬ್ಬಗೋಡಿ ಡಿಪೋ ಸೇರಿದ್ದು 2024ರ ಫೆಬ್ರುವರಿಯಲ್ಲಿ. ಟಿಟಾಗಢ ಕಂಪನಿ ಕಟ್ಟಿದ ಮೊದಲ ರೈಲು ಅದರ ಕಾರ್ಖಾನೆಯಿಂದ ಹೊರಟದ್ದು 2025ರ ಜನವರಿಯಲ್ಲಿ. ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು, ಮೂರೇ ಮೂರು ರೈಲುಗಳೊಂದಿಗೆ.

ಕೋಟಿ ಕೋಟಿ ಸುರಿದು ಎಬ್ಬಿಸಿದ ಕಂಬ, ಹಾಕಿದ ಹಳಿ, ಬಣ್ಣ ಬಳಿದ ನಿಲ್ದಾಣ ತಲೆಯ ಮೇಲೆಯೇ ಇದ್ದವು. ಕೆಳಗೆ ಹೊಸೂರು ರಸ್ತೆಯಲ್ಲಿ ಜನ ಹೊಗೆ ಕುಡಿಯುತ್ತ ನಿಂತಿದ್ದರು. ತಡವಾದದ್ದು ಮುಖ್ಯವಾಗಿ ರೈಲುಗಳಿಗಾಗಿ. ಒಲೆ ಹಚ್ಚಿಟ್ಟು ಅಕ್ಕಿ ತರಲು ಹೊರಟ ಹಾಗೆ ಆಯಿತು ನಮ್ಮ ಊರಿನ ಕಥೆ.

ಮಾರ್ಗ ಶುರುವಾದ ಮೊದಲ ವಾರಗಳಲ್ಲಿ ಆರ್.ವಿ. ರಸ್ತೆ ನಿಲ್ದಾಣಕ್ಕೆ ಹೋದವರಿಗೆ ಆ ನೋಟ ನೆನಪಿದ್ದೇ ಇರುತ್ತದೆ. ಹಸಿರು ಮಾರ್ಗದಿಂದ ಇಳಿದವರು ಮೆಟ್ಟಿಲು ಓಡಿ ಹತ್ತಿ ಬರುವಷ್ಟರಲ್ಲಿ ಬಾಗಿಲು ಮುಚ್ಚುತ್ತಿತ್ತು. ಮುಂದಿನ ರೈಲು 25 ನಿಮಿಷಕ್ಕೆ ಎಂದು ಫಲಕ ತೋರಿಸುತ್ತಿತ್ತು. ಆ 25 ನಿಮಿಷದಲ್ಲಿ ಪ್ಲಾಟ್‌ಫಾರಂ ತುಂಬಿಹೋಗುತ್ತಿತ್ತು. ಶಿಫ್ಟ್ ತಪ್ಪಿದರೆ ಅರ್ಧ ದಿನದ ಸಂಬಳ ಹೋಗುವ ಕಾರ್ಖಾನೆಯ ಹೆಣ್ಣುಮಕ್ಕಳು ಗಡಿಯಾರ ನೋಡಿ, ಮತ್ತೆ ಕೆಳಗಿಳಿದು ಬಸ್ಸು ಹಿಡಿದದ್ದೂ ಇದೆ. ಮಾರ್ಗ ತೆರೆದದ್ದು ಸರಿಯೇ. ಮೂರು ರೈಲಾದರೂ ಓಡಲಿ ಎಂದು ಜನರೇ ಒತ್ತಾಯಿಸಿದ್ದರು. ಆದರೆ ಸಾವಿರಾರು ಕೋಟಿಯ ಮಾರ್ಗಕ್ಕೆ ಮೂರು ರೈಲಿನ ಆರಂಭ ಎಂಬುದು ಮುಂದಿನ ಯೋಜನೆಗಳಿಗೆ ಪದ್ಧತಿಯಾಗಬಾರದು.

ಲೆಕ್ಕ ಸರಳ, ಎಲ್ಲರೂ ಮಾಡಬಹುದು

ರೈಲು ಎಷ್ಟು ನಿಮಿಷಕ್ಕೊಮ್ಮೆ ಬರುತ್ತದೆ ಎನ್ನುವುದು ಹಳಿಯ ಉದ್ದದ ಮೇಲೆ ಮಾತ್ರ ನಿಂತಿಲ್ಲ. ಒಂದು ರೈಲು ಹೋಗಿ, ತಿರುಗಿ, ಮತ್ತೆ ಅದೇ ಜಾಗಕ್ಕೆ ಬರಲು ಹಿಡಿಯುವ ಸಮಯವನ್ನು ರೈಲುಗಳ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರವೇ ಎರಡು ರೈಲುಗಳ ನಡುವಿನ ನಿಮಿಷ.

ಹಳದಿ ಮಾರ್ಗದಲ್ಲಿ ಹೋಗಿ ಬರುವ ಒಂದು ಸುತ್ತಿಗೆ ಸುಮಾರು 75 ನಿಮಿಷ ಎಂದು ಇಟ್ಟುಕೊಳ್ಳಿ. ಮೂರು ರೈಲಿದ್ದಾಗ 25 ನಿಮಿಷಕ್ಕೊಂದು. 2025ರ ಸೆಪ್ಟೆಂಬರಿನಲ್ಲಿ ನಾಲ್ಕನೆಯದು ಸೇರಿತು, ಕಾಯುವುದು 19 ನಿಮಿಷಕ್ಕೆ ಇಳಿಯಿತು. ನವೆಂಬರಿನಲ್ಲಿ ಐದನೆಯದು ಬಂತು, 15 ನಿಮಿಷವಾಯಿತು. ಐದು ನಿಮಿಷಕ್ಕೊಂದು ರೈಲು ಬೇಕಾದರೆ ಹದಿನೈದು ಬೇಕು. ಈ ಮಾರ್ಗಕ್ಕೆಂದು ಗೊತ್ತು ಮಾಡಿದ್ದೂ ಹದಿನೈದೇ. ಒಂದೊಂದು ರೈಲು ತಡವಾದಾಗಲೂ ಪ್ರತಿ ಪ್ರಯಾಣಿಕನ ಬದುಕಿನಿಂದ ದಿನಕ್ಕಿಷ್ಟು ನಿಮಿಷ ಕಳೆದುಹೋಯಿತು ಎಂದೇ ಅರ್ಥ.

ಇದೇ ಲೆಕ್ಕವನ್ನು ಉಪನಗರ ರೈಲಿಗೆ ಹಾಕಿ ನೋಡಿ. ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಸುಮಾರು 25 ಕಿಲೋಮೀಟರ್. ಹೋಗಿ ಬರಲು ತೊಂಬತ್ತು ನಿಮಿಷ ಹಿಡಿಯಿತು ಎಂದುಕೊಳ್ಳೋಣ. ಹತ್ತು ನಿಮಿಷಕ್ಕೊಂದು ಬೇಕಾದರೆ ಒಂಬತ್ತು ರೈಲು ಹಳಿಯ ಮೇಲಿರಬೇಕು. ಐದು ನಿಮಿಷಕ್ಕೊಂದು ಬೇಕಾದರೆ ಹದಿನೆಂಟು. ಇದರ ಮೇಲೆ, ರಿಪೇರಿಯಲ್ಲಿರುವ ರೈಲುಗಳ ಜಾಗ ತುಂಬಲು ಡಿಪೋದಲ್ಲಿ ಒಂದೆರಡು ಹೆಚ್ಚುವರಿ ಬೇಕು. ಮೂರು ರೈಲಿಟ್ಟುಕೊಂಡು ಶುರು ಮಾಡಿದರೆ ಅರ್ಧ ಗಂಟೆಗೊಂದು. ಅರ್ಧ ಗಂಟೆ ಕಾಯಬೇಕಾದ ರೈಲನ್ನು ನಂಬಿ ಯಾರು ಬೈಕ್ ಮನೆಯಲ್ಲಿ ಬಿಟ್ಟು ಹೊರಡುತ್ತಾರೆ? ಮೊದಲ ತಿಂಗಳಲ್ಲೇ ಜನ ಬೇಸತ್ತು ದೂರವಾದರೆ, ರೈಲು ಖಾಲಿ ಓಡುತ್ತಿದೆ, ಹೆಚ್ಚು ಬೋಗಿ ಯಾಕೆ ಎಂಬ ವಾದ ಹುಟ್ಟಿಕೊಳ್ಳುತ್ತದೆ.

ಉಪನಗರ ರೈಲು ಎಲ್ಲಿಗೆ ಬಂತು?

ನಾಲ್ಕು ಮಾರ್ಗ, ಒಟ್ಟು 148 ಕಿಲೋಮೀಟರ್. ಸಂಪಿಗೆ: ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ದೇವನಹಳ್ಳಿ. ಮಲ್ಲಿಗೆ: ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರ. ಪಾರಿಜಾತ: ಕೆಂಗೇರಿಯಿಂದ ವೈಟ್‌ಫೀಲ್ಡ್. ಕನಕ: ಹೀಲಲಿಗೆಯಿಂದ ರಾಜಾನುಕುಂಟೆ. ಕೇಂದ್ರ ಸಂಪುಟ 2020ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಾಗ ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ಶೇ 20 ರಾಜ್ಯದ್ದು, ಶೇ 20 ಕೇಂದ್ರದ್ದು, ಉಳಿದ ಶೇ 60 ಸಾಲ. ಕಟ್ಟುವ ಹೊಣೆ ಕೆ-ರೈಡ್ ಸಂಸ್ಥೆಯದು. ಅದರಲ್ಲಿ ರಾಜ್ಯ ಸರ್ಕಾರ ಮತ್ತು ರೈಲ್ವೆ ಸಚಿವಾಲಯ ಎರಡೂ ಪಾಲುದಾರರು.

2022ರ ಜೂನ್ 20ರಂದು ಪ್ರಧಾನಿಯವರು ಅಡಿಗಲ್ಲು ಹಾಕಿದರು. 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. ಆ ನಲವತ್ತು ತಿಂಗಳು 2025ರ ಅಕ್ಟೋಬರಿಗೆ ಮುಗಿದವು. ಒಂದು ರೈಲೂ ಓಡಲಿಲ್ಲ. ಮಲ್ಲಿಗೆ ಮತ್ತು ಕನಕ ಮಾರ್ಗಗಳ ಸಿವಿಲ್ ಕೆಲಸದ ಗುತ್ತಿಗೆ ಪಡೆದಿದ್ದ ದೊಡ್ಡ ಕಂಪನಿ 2025ರಲ್ಲಿ ಕೆಲಸದಿಂದ ಹಿಂದೆ ಸರಿಯಿತು.

ಬೋಗಿಗಳ ವಿಷಯದಲ್ಲೂ ದಾರಿ ಬದಲಾಗಿದೆ. ಖಾಸಗಿಯವರೇ ಬೋಗಿ ತಂದು, ನಿರ್ವಹಣೆ ಮಾಡಿ, ಸರ್ಕಾರದಿಂದ ಹಣ ಪಡೆಯಲಿ ಎಂಬ ಯೋಜನೆ ಮೊದಲಿತ್ತು. ಅದು ಕೈಗೂಡಲಿಲ್ಲ. ಆಮೇಲೆ ನೇರವಾಗಿ ಕೊಳ್ಳುವ ನಿರ್ಧಾರಕ್ಕೆ ಬಂದರು. ನಾಲ್ಕೂ ಮಾರ್ಗಗಳಿಗೆ ಬೇಕಾದ್ದು 306 ಬೋಗಿ ಎಂದು ಲೆಕ್ಕ ಹಾಕಿದ್ದಾರೆ. ಇದು ಸಣ್ಣ ಖರೀದಿಯಲ್ಲ. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಹೊಸೂರು ರಸ್ತೆಯ ಕಥೆ ಯಶವಂತಪುರದಲ್ಲಿ, ಹೆಬ್ಬಾಳದಲ್ಲಿ, ಮಾರತ್ತಹಳ್ಳಿಯಲ್ಲಿ ಮರುಕಳಿಸುತ್ತದೆ.

ಕೇಳಿದರೆ ಕೇಂದ್ರದವರು ರಾಜ್ಯದತ್ತ ಬೆರಳು ತೋರಿಸುತ್ತಾರೆ, ರಾಜ್ಯದವರು ಕೇಂದ್ರದತ್ತ. ಇಬ್ಬರೂ ಪಾಲುದಾರರು. ಇಬ್ಬರೂ ಉತ್ತರ ಕೊಡಬೇಕು. ನಮಗೆ ಪಕ್ಷ ಮುಖ್ಯವಲ್ಲ, ರೈಲು ಮುಖ್ಯ.

ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ರೈಲು

ಹಣ ಕೊಟ್ಟ ಮರುದಿನ ರೈಲು ಬರುವುದಿಲ್ಲ. ಟೆಂಡರ್ ಕರೆಯಬೇಕು, ದರ ನೋಡಬೇಕು, ಗುತ್ತಿಗೆಗೆ ಸಹಿ ಬೀಳಬೇಕು. ಆಮೇಲೆ ವಿನ್ಯಾಸ: ಬಾಗಿಲೆಷ್ಟು, ಸೀಟೆಷ್ಟು, ಮೋಟಾರು ಯಾವುದು, ಬ್ರೇಕು ಯಾವುದು, ಸಿಗ್ನಲ್ ಜೊತೆ ಅದು ಹೇಗೆ ಮಾತಾಡಬೇಕು. ವಿನ್ಯಾಸ ಒಪ್ಪಿಗೆಯಾದ ಮೇಲೆ ಮೊದಲ ಮಾದರಿ ರೈಲು ತಯಾರಾಗುತ್ತದೆ. ಅದು ಡಿಪೋಗೆ ಬಂದ ಮೇಲೆ ನಿಂತಲ್ಲೇ ಪರೀಕ್ಷೆ, ಓಡಿಸಿ ಪರೀಕ್ಷೆ, ವೇಗದಲ್ಲಿ ಎಷ್ಟು ಅಲುಗುತ್ತದೆ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬ ಪರೀಕ್ಷೆ, ಸಿಗ್ನಲ್ ಹೊಂದಾಣಿಕೆ, ಕೊನೆಗೆ ಸುರಕ್ಷತಾ ಆಯುಕ್ತರ ತಪಾಸಣೆ. ಇವನ್ನು ಅವಸರ ಮಾಡಿ ಹಾರಿಸಿಬಿಡಿ ಎಂದು ನಾವು ಹೇಳುತ್ತಿಲ್ಲ. ಹತ್ತುವವರು ನಾವು, ನಮ್ಮ ಮಕ್ಕಳು. ಪ್ರತಿ ಪರೀಕ್ಷೆಯೂ ನಡೆಯಲೇಬೇಕು. ಅದಕ್ಕೇ ಹೇಳುತ್ತಿದ್ದೇವೆ, ಬೇಗ ಶುರು ಮಾಡಿ.

ಹಳದಿ ಮಾರ್ಗದಲ್ಲಿ ಮೊದಲ ರೈಲು ಡಿಪೋಗೆ ಬಂದ ದಿನದಿಂದ ಪ್ರಯಾಣಿಕರು ಹತ್ತುವ ದಿನದವರೆಗೆ ಹದಿನೆಂಟು ತಿಂಗಳು ಹಿಡಿಯಿತು. ಗುತ್ತಿಗೆಯಾದ ದಿನದಿಂದ ಲೆಕ್ಕ ಹಾಕಿದರೆ ಐದು ವರ್ಷ ದಾಟಿತು. ಉಪನಗರ ರೈಲಿನ ಯಾವುದೇ ಮಾರ್ಗಕ್ಕೆ ಉದ್ಘಾಟನೆಯ ದಿನ ಹೇಳುವ ಮಂತ್ರಿಗಳನ್ನು ನಾವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಆ ದಿನಕ್ಕೆ ಒಂದೂವರೆ ವರ್ಷ ಮೊದಲೇ ಮಾದರಿ ರೈಲು ಡಿಪೋದಲ್ಲಿ ಇರುತ್ತದೆಯೇ?

ಹಳಿಯೇ ಮುಗಿದಿಲ್ಲ, ರೈಲು ತಂದು ಎಲ್ಲಿ ನಿಲ್ಲಿಸುವುದು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಇದೆ. ಮೊದಲನೆಯದಾಗಿ, ಡಿಪೋ ಕೊನೆಗೆ ಕಟ್ಟುವ ಕಟ್ಟಡವಲ್ಲ, ಮೊದಲು ಕಟ್ಟಬೇಕಾದದ್ದು. ಮಲ್ಲಿಗೆ ಮಾರ್ಗದ ಡಿಪೋ ಬರಬೇಕಿರುವುದು ಸೋಲದೇವನಹಳ್ಳಿಯಲ್ಲಿ. ನಿಲ್ದಾಣಗಳಿಗೆ ಟೈಲ್ಸ್ ಹಾಕುವ ಮುಂಚೆ ಆ ಡಿಪೋದ ಹಳಿ, ಶೆಡ್ಡು, ವಿದ್ಯುತ್ ತಂತಿ ಸಿದ್ಧವಾಗಲಿ. ಎರಡನೆಯದಾಗಿ, ಮೆಟ್ರೊಗಿಂತ ಉಪನಗರ ರೈಲಿಗೆ ಒಂದು ದೊಡ್ಡ ಅನುಕೂಲವಿದೆ. ನಮ್ಮ ಮೆಟ್ರೊ ಓಡುವುದು ಸ್ಟ್ಯಾಂಡರ್ಡ್ ಗೇಜಿನಲ್ಲಿ, ಹಳಿಗಳ ಪಕ್ಕದ ಮೂರನೆಯ ಹಳಿಯಿಂದ ವಿದ್ಯುತ್ ಪಡೆದು. ಉಪನಗರ ರೈಲು ಓಡಬೇಕಿರುವುದು ರೈಲ್ವೆಯ ಬ್ರಾಡ್‌ಗೇಜಿನಲ್ಲಿ, ತಲೆಯ ಮೇಲಿನ ತಂತಿಯ ವಿದ್ಯುತ್ತಿನಲ್ಲಿ. ರೈಲ್ವೆ ಸಚಿವಾಲಯ ಮನಸ್ಸು ಮಾಡಿದರೆ ಹೊಸ ರೈಲಿನ ಪರೀಕ್ಷೆಯ ಒಂದಷ್ಟು ಭಾಗವನ್ನು ಈಗಿರುವ ಹಳಿಗಳ ಮೇಲೆಯೇ ಮಾಡಿಸಬಹುದು. ಪಾಲುದಾರ ಸಂಸ್ಥೆ ಎಂದ ಮೇಲೆ ಇಷ್ಟು ನೆರವು ಕೇಳುವ ಹಕ್ಕು ನಮಗಿದೆ.

306 ಬೋಗಿಗಳೂ ಒಂದೇ ದಿನ ಬಂದು ನಿಲ್ಲಲಿ ಎಂದು ಕೂಡ ನಾವು ಕೇಳುತ್ತಿಲ್ಲ. ನಿಂತ ರೈಲಿಗೂ ಖರ್ಚಿದೆ, ಗ್ಯಾರಂಟಿ ಅವಧಿಯೂ ಸುಮ್ಮನೆ ಕಳೆಯುತ್ತದೆ. ಯಾವ ಮಾರ್ಗ ಮೊದಲು ಮುಗಿಯುತ್ತದೋ ಅದರ ರೈಲು ಮೊದಲು ಬರಲಿ, ಕಂತು ಕಂತಾಗಿ ಬರಲಿ. ಆದರೆ ಕಂತಿನ ದಿನಾಂಕ ಕಾಗದದ ಮೇಲೆ ಇರಲಿ, ಜನರಿಗೆ ಗೊತ್ತಿರಲಿ.

ಈ ರೈಲು ಯಾರಿಗಾಗಿ?

ಬೆಂಗಳೂರಿಗೆ ರೈಲು ಹೊಸದಲ್ಲ. 1864ರಲ್ಲೇ ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ ರೈಲು ಬಂದಿತ್ತು. ಇಂದಿಗೂ ಬೆಳಗಾಗುವ ಮುನ್ನ ಮಾರಿಕುಪ್ಪಂನಿಂದ ಹೊರಡುವ ಗಾಡಿಗಳಲ್ಲಿ ಕೆಜಿಎಫ್‌ನ ಜನ ಬೆಂಗಳೂರಿಗೆ ಬರುತ್ತಾರೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರಿನ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಈ ರೈಲಿನಿಂದ. ಬಂಗಾರಪೇಟೆಯಲ್ಲಿ ಸೀಟು ತುಂಬುತ್ತದೆ, ಮಾಲೂರಿನಲ್ಲಿ ನಿಲ್ಲುವ ಜಾಗ ತುಂಬುತ್ತದೆ, ವೈಟ್‌ಫೀಲ್ಡ್ ಹೊತ್ತಿಗೆ ಬಾಗಿಲ ಕಂಬಿ ಹಿಡಿದು ಹೊರಗೆ ವಾಲಿರುತ್ತಾರೆ. ಊಟದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತ ಹೆಂಗಸರು, ಸೀಟಿನಡಿ ಬ್ಯಾಗು ತಳ್ಳಿ ನಿದ್ದೆ ಹೋದ ಸೆಕ್ಯೂರಿಟಿ ಗಾರ್ಡುಗಳು, ಆಸ್ಪತ್ರೆಯ ಆಯಾಗಳು, ಗಾರೆ ಕೆಲಸದವರು. ರಾತ್ರಿ ಅದೇ ದಾರಿಯಲ್ಲಿ ವಾಪಸ್ಸು. ತುಮಕೂರಿನಿಂದ, ಮಂಡ್ಯದಿಂದ, ರಾಮನಗರದಿಂದ, ಹಿಂದೂಪುರದಿಂದ ಬರುವವರದ್ದೂ ಇದೇ ಪಾಡು.

ರೈಲು ಕೊಟ್ಟರೆ ಜನ ಹತ್ತುತ್ತಾರೆಯೇ ಎಂಬ ಅನುಮಾನ ಯಾರಿಗಾದರೂ ಇದ್ದರೆ ಒಂದು ಬೆಳಗ್ಗೆ ಈ ಗಾಡಿಯಲ್ಲಿ ಬರಲಿ. ಜನ ಆಗಲೇ ಹತ್ತಿಯಾಗಿದೆ. ಕಡಿಮೆಯಾಗಿರುವುದು ರೈಲು.

ಆದ್ದರಿಂದ ಹೊಸ ಮಾರ್ಗ ಮುಗಿಯುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಈಗಿರುವ ಹಳಿಗಳ ಮೇಲೆ ಕಚೇರಿ ವೇಳೆಗೆ ಇನ್ನಷ್ಟು ಮೆಮು ಗಾಡಿ (ಕಡಿಮೆ ದೂರದ ವಿದ್ಯುತ್ ರೈಲು) ಓಡಿಸಲಿ. ಬೋಗಿಗಳ ಸಂಖ್ಯೆ ಹೆಚ್ಚಿಸಲಿ. ದೂರದ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲೆಂದು ದುಡಿಯುವವರ ಗಾಡಿಯನ್ನು ಊರಾಚೆ ನಿಲ್ಲಿಸುವುದನ್ನು ಕಡಿಮೆ ಮಾಡಲಿ. ಇದಕ್ಕೆ ಹೊಸ ಕಂಬವೂ ಬೇಡ, ಹೊಸ ಭೂಮಿಯೂ ಬೇಡ.

ಬೋಗಿ ಹೇಗಿರಬೇಕು? ಈಗಲೇ ಹೇಳೋಣ

ಒಮ್ಮೆ ತಯಾರಾದ ಬೋಗಿ ಮೂವತ್ತು ವರ್ಷಕ್ಕೂ ಹೆಚ್ಚು ಓಡುತ್ತದೆ. ಇಂದು ಕಾಗದದ ಮೇಲೆ ಬಿಟ್ಟುಹೋದದ್ದನ್ನು ನಮ್ಮ ಮೊಮ್ಮಕ್ಕಳೂ ಅನುಭವಿಸಬೇಕಾಗುತ್ತದೆ. ಮುಂಬೈಯನ್ನು ನೋಡಿ. ಅಲ್ಲಿಯ ಲೋಕಲ್ ರೈಲುಗಳು ದಶಕಗಳ ಕಾಲ ತೆರೆದ ಬಾಗಿಲಲ್ಲೇ ಓಡಿದವು. ತಾನಾಗಿ ಮುಚ್ಚುವ ಬಾಗಿಲಿನ ಎಸಿ ಲೋಕಲ್ ಮೊದಲ ಬಾರಿ ಓಡಿದ್ದು 2017ರ ಡಿಸೆಂಬರಿನಲ್ಲಿ. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ರೈಲುಗಳ ಬಾಗಿಲಿನಿಂದ ಬಿದ್ದು ಪ್ರಯಾಣಿಕರು ಸತ್ತರು. ಆ ಮೇಲೆ ಹೊಸ ರೈಲುಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲು ಎಂದು ರೈಲ್ವೆ ಘೋಷಿಸಿತು. ಸಾವು ಕಂಡ ಮೇಲೆ ಬಾಗಿಲು ಹಾಕುವ ಗತಿ ನಮ್ಮ ಊರಿಗೆ ಬೇಡ.

ನಮಗೆ ಬೇಕಾದ ಬೋಗಿ ಇದು:

ಬಾಗಿಲು ಮುಚ್ಚದೆ ರೈಲು ಹೊರಡಬಾರದು. ಬಾಗಿಲು ಅಗಲವಾಗಿರಬೇಕು, ಸಾಲಾಗಿ ಇಳಿಯುವವರಿಗೂ ಹತ್ತುವವರಿಗೂ ಜಾಗವಿರಬೇಕು.

ಪ್ಲಾಟ್‌ಫಾರಂ ಮತ್ತು ಬೋಗಿಯ ನೆಲ ಒಂದೇ ಮಟ್ಟದಲ್ಲಿರಬೇಕು. ಮಂಡಿನೋವಿನ ಅಜ್ಜಿ, ಗಾಲಿಕುರ್ಚಿಯವರು, ಮಗು ಎತ್ತಿಕೊಂಡ ತಾಯಿ ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋಗುವಂತಿರಬೇಕು.

ಮಹಿಳೆಯರಿಗೆ ಮೀಸಲು ಬೋಗಿ ಮೊದಲ ದಿನದಿಂದಲೇ ಇರಬೇಕು. ಹೋರಾಡಿ ಆಮೇಲೆ ಪಡೆಯುವಂತಾಗಬಾರದು.

ಹಿಡಿಕೆಗಳು ಎತ್ತರದವರಿಗಷ್ಟೇ ಎಟುಕುವಂತಿರಬಾರದು. ಕಿಟಕಿ ಪಕ್ಕದಲ್ಲಿ, ಬಾಗಿಲ ಬಳಿ, ಸೀಟಿನ ಮೂಲೆಯಲ್ಲಿ ಎಲ್ಲ ಕಡೆ ಹಿಡಿಯಲು ಕಂಬಿ ಬೇಕು.

ಹೂವಿನ ಬುಟ್ಟಿ, ಸೊಪ್ಪಿನ ಮೂಟೆ ತರುವವರಿಗೆ ಒಂದು ಜಾಗ ಬೇಕು. ದೇವನಹಳ್ಳಿ, ರಾಜಾನುಕುಂಟೆ ಕಡೆಯಿಂದ ಬರುವ ರೈತಾಪಿ ಜನರೂ ಪ್ರಯಾಣಿಕರೇ.

ಫಲಕ, ಘೋಷಣೆ, ಎಚ್ಚರಿಕೆ ಎಲ್ಲವೂ ಮೊದಲು ಕನ್ನಡದಲ್ಲಿರಬೇಕು. ಅಪಾಯದ ಹೊತ್ತಿನಲ್ಲಿ ಯಾವ ಗುಂಡಿ ಒತ್ತಬೇಕು ಎಂಬುದು ಹತ್ತಿದ ಪ್ರತಿಯೊಬ್ಬರಿಗೂ ಓದಿದ ತಕ್ಷಣ ಅರ್ಥವಾಗಬೇಕು.

ರೈಲು ಕಟ್ಟುವ ಊರಿಗೇ ರೈಲಿಲ್ಲ ಎಂದಾಗಬಾರದು

ಯಲಹಂಕದ ರೈಲು ಗಾಲಿ ಕಾರ್ಖಾನೆ 1984ರಿಂದ ದೇಶದ ರೈಲುಗಳಿಗೆ ಗಾಲಿ ಮಾಡಿಕೊಡುತ್ತಿದೆ. ನಮ್ಮ ಊರಿನ ಬೆಮೆಲ್ ಕಾರ್ಖಾನೆ ದೆಹಲಿ ಮೆಟ್ರೊಗೆ ಬೋಗಿ ಕೊಟ್ಟಿದೆ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ ನಮ್ಮ ಮೊದಲ ಮೆಟ್ರೊ ರೈಲು ಕಟ್ಟಿದ್ದೂ ಅದೇ. 2024ರಲ್ಲಿ ವಂದೇ ಭಾರತ್ ಸ್ಲೀಪರ್ ರೈಲು ಮೊದಲು ಹೊರಬಂದದ್ದೂ ಅಲ್ಲಿಂದಲೇ. ಗಾಲಿ ಎರಕ ಹೊಯ್ಯುವವರು, ಬೋಗಿ ಬೆಸೆಯುವವರು, ವೈರಿಂಗ್ ಮಾಡುವವರು ಇಲ್ಲೇ ನಮ್ಮ ನಡುವೆ ಇದ್ದಾರೆ.

ಗುತ್ತಿಗೆ ಯಾರಿಗೆ ಹೋಗಬೇಕು ಎನ್ನುವುದನ್ನು ನಿಯಮದ ಪ್ರಕಾರ ನಡೆಯುವ ಟೆಂಡರ್ ತೀರ್ಮಾನಿಸಲಿ. ಆದರೆ ಹಳದಿ ಮಾರ್ಗದ ಅನುಭವದಿಂದ ಒಂದು ಷರತ್ತು ಹುಟ್ಟುತ್ತದೆ. ಸಹಿ ಹಾಕುವ ದಿನವೇ ಕಾರ್ಖಾನೆ, ಯಂತ್ರ, ಕೆಲಸಗಾರರು ದೇಶದೊಳಗೆ ಸಿದ್ಧವಿರುವವರಿಗೆ ಮಾತ್ರ ಕೆಲಸ ಸಿಗಲಿ. ಮುಂದೆ ಕಟ್ಟುತ್ತೇವೆ ಎಂಬ ಮಾತನ್ನು ನಂಬಿ ಐದು ವರ್ಷ ಕಾದದ್ದು ಸಾಕು.

ನಮ್ಮ ಹಕ್ಕೊತ್ತಾಯಗಳು

1. ಬೋಗಿ ಖರೀದಿಯ ಪ್ರತಿ ಹಂತದ ದಿನಾಂಕ ಬಹಿರಂಗವಾಗಲಿ. ಟೆಂಡರ್, ಗುತ್ತಿಗೆ, ವಿನ್ಯಾಸ, ಮಾದರಿ ರೈಲು, ಪರೀಕ್ಷೆ, ಪ್ರತಿ ಕಂತು. ಮಾರ್ಗದುದ್ದಕ್ಕೂ ಕೆಲಸ ನಡೆಯುವ ಜಾಗಗಳಲ್ಲಿ ಕನ್ನಡದ ಫಲಕ ಹಾಕಿ, ತಿಂಗಳಿಗೊಮ್ಮೆ ತಿದ್ದಲಿ.

2. ಮೊದಲ ದಿನದಿಂದಲೇ ಕಚೇರಿ ವೇಳೆಯಲ್ಲಿ ಹತ್ತು ನಿಮಿಷಕ್ಕೊಂದು ರೈಲು ಓಡುವಷ್ಟು ರೈಲುಗಳು ಸಿದ್ಧವಿರಲಿ.

3. ಡಿಪೋ ಕೆಲಸಕ್ಕೆ ನಿಲ್ದಾಣಗಳಿಗಿಂತ ಮೊದಲ ಆದ್ಯತೆ ಸಿಗಲಿ.

4. ತಡವಾದರೆ ದಂಡ, ಬಿಡಿಭಾಗಗಳ ಪೂರೈಕೆ, ದೀರ್ಘಕಾಲದ ನಿರ್ವಹಣೆ ಗುತ್ತಿಗೆಯಲ್ಲೇ ಸೇರಲಿ.

5. ಮಾದರಿ ಬೋಗಿಯನ್ನು ತಯಾರಿಕೆಗೆ ಮುನ್ನ ಸಾರ್ವಜನಿಕರಿಗೆ ತೋರಿಸಲಿ. ಮಹಿಳೆಯರು, ಹಿರಿಯರು, ಅಂಗವಿಕಲರು ಹತ್ತಿ ಇಳಿದು ನೋಡಿ ಹೇಳಿದ್ದನ್ನು ಲಿಖಿತವಾಗಿ ದಾಖಲಿಸಲಿ.

6. ದರ ದುಡಿಯುವವರ ಕೈಗೆಟುಕಲಿ. 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ಎಷ್ಟೋ ಜನ ಮತ್ತೆ ಬಸ್ಸಿಗೆ, ಬೈಕಿಗೆ ಮರಳಿದರು. ತಿಂಗಳ ಪಾಸು ಬೇಕೇ ಬೇಕು. ಬಸ್ಸು, ಮೆಟ್ರೊ, ಉಪನಗರ ರೈಲು ಮೂರಕ್ಕೂ ಒಂದೇ ಟಿಕೆಟ್ ಬರಲಿ.

7. ಹೊಸ ರೈಲು ಬರುವವರೆಗೆ ಈಗಿರುವ ಹಳಿಗಳ ಮೇಲೆ ಮೆಮು ಹೆಚ್ಚಿಸಲಿ.

ನೀವು ಮಾಡಬೇಕಾದ್ದು

ಜನ ಒಂದಾದರೆ ಈ ಊರಿನಲ್ಲಿ ಸರ್ಕಾರ ಕಿವಿಗೊಟ್ಟಿದೆ. 2016ರ ಅಕ್ಟೋಬರಿನಲ್ಲಿ ಉಕ್ಕಿನ ಸೇತುವೆ ಬೇಡ ಎಂದು ಸಾವಿರಾರು ಜನ ಕೈಕೈ ಹಿಡಿದು ರಸ್ತೆ ಬದಿ ನಿಂತರು. ಮರುವರ್ಷ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಉಪನಗರ ರೈಲಿಗಾಗಿ ಚುಕುಬುಕು ಬೇಕು ಎಂಬ ಕೂಗು ಎದ್ದದ್ದೂ ಅದೇ ದಿನಗಳಲ್ಲಿ. ಆ ಕೂಗಿನ ಒತ್ತಡ ಇಲ್ಲದಿದ್ದರೆ ಈ ಯೋಜನೆ ಕಡತದಲ್ಲೇ ಉಳಿಯುತ್ತಿತ್ತು. ಬೇಡ ಎಂದು ತಡೆದ ಜನಕ್ಕೆ ಬೇಕು ಎಂದು ತರಿಸಿಕೊಳ್ಳುವ ಶಕ್ತಿಯೂ ಇದೆ.

ಮೊದಲ ಕೆಲಸ: ಅಂಚೆ ಕಾರ್ಡು ಬರೆಯಿರಿ. ಐವತ್ತು ಪೈಸೆಯ ಎರಡು ಕಾರ್ಡು ಸಾಕು. ಒಂದು ಮುಖ್ಯಮಂತ್ರಿಗಳಿಗೆ, ವಿಧಾನಸೌಧ, ಬೆಂಗಳೂರು. ಇನ್ನೊಂದು ರೈಲ್ವೆ ಸಚಿವರಿಗೆ, ರೈಲ್ ಭವನ, ನವದೆಹಲಿ. ಕನ್ನಡದಲ್ಲೇ ಬರೆಯಿರಿ. ಇಷ್ಟು ಸಾಕು: "ಮಾನ್ಯರೇ, ಬೆಂಗಳೂರು ಉಪನಗರ ರೈಲಿನ ಹಳಿ ಮುಗಿಯುವ ದಿನಕ್ಕೆ ಸಾಕಷ್ಟು ರೈಲುಗಳೂ ಸಿದ್ಧವಿರಬೇಕು. ಮಾದರಿ ರೈಲು ಯಾವ ದಿನ ಡಿಪೋಗೆ ಬರುತ್ತದೆ ಎಂದು ದಯವಿಟ್ಟು ತಿಳಿಸಿ." ಕೆಳಗೆ ನಿಮ್ಮ ಹೆಸರು, ನೀವು ಹತ್ತುವ ನಿಲ್ದಾಣದ ಹೆಸರು ಬರೆಯಿರಿ.

ಎರಡನೆಯದು: ಕೆ-ರೈಡ್‌ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ, ಚಿಕ್ಕದಾಗಿ ಕೇಳಿ: ಬೋಗಿ ಖರೀದಿ ಯಾವ ಹಂತದಲ್ಲಿದೆ, ಮುಂದಿನ ಹಂತದ ದಿನಾಂಕ ಯಾವುದು? ಉತ್ತರದ ಪ್ರತಿಯನ್ನು ನಿಮ್ಮ ಬಡಾವಣೆಯ ಫಲಕದಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ.

ಮೂರನೆಯದು: ನಿಮ್ಮ ಶಾಸಕರನ್ನೂ ಸಂಸದರನ್ನೂ ಕೇಳಿ. ಮನೆ ಬಾಗಿಲಿಗೆ ಬಂದಾಗ, ಗಣೇಶೋತ್ಸವದ ವೇದಿಕೆಗೆ ಬಂದಾಗ, ರಾಜ್ಯೋತ್ಸವದ ಧ್ವಜಾರೋಹಣಕ್ಕೆ ಬಂದಾಗ ಮರ್ಯಾದೆಯಿಂದ, ಗಟ್ಟಿಯಾಗಿ, ಎಲ್ಲರ ಮುಂದೆ ಕೇಳಿ. ಉಪನಗರ ರೈಲಿನ ಬೋಗಿ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳುತ್ತೀರಾ ಎಂದು ಕೇಳಿ. ಹೂಂ ಎಂದರೆ ಅಧಿವೇಶನ ಮುಗಿದ ಮೇಲೆ ಹೋಗಿ, ಏನು ಉತ್ತರ ಬಂತು ಎಂದು ವಿಚಾರಿಸಿ.

ನಾಲ್ಕನೆಯದು: ನಿಮ್ಮ ಕಾರ್ಖಾನೆ, ಕಚೇರಿ, ಕಾಲೇಜಿನಲ್ಲಿ ಸಹಿ ಸಂಗ್ರಹಿಸಿ. ಒಂದು ನೋಟ್‌ಬುಕ್ ಸಾಕು. ಹೆಸರು, ಇರುವ ಊರು, ಕೆಲಸಕ್ಕೆ ಹೋಗುವ ಊರು, ದಿನಕ್ಕೆ ದಾರಿಯಲ್ಲಿ ಕಳೆಯುವ ಸಮಯ: ನಾಲ್ಕು ಕಲಂ ಹಾಕಿ. ಯಾವ ಮಾರ್ಗಕ್ಕೆ ಎಷ್ಟು ರೈಲು ಬೇಕೆಂದು ಹೇಳಲು ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿಲ್ಲ.

ಬಂಧುಗಳೇ, ಈ ರೈಲಿನ ಸಾಲ ತೀರಿಸುವವರು ನಾವು. ಅದಕ್ಕಾಗಿ ಅಗೆದ ರಸ್ತೆಯ ಧೂಳು ಕುಡಿಯುವವರು ನಾವು. ಅದು ಬಂದ ದಿನ ಹತ್ತಬೇಕಾದವರೂ ನಾವೇ. ಇನ್ನೊಂದು ಮಾರ್ಗ ಬೋಗಿಗಾಗಿ ಕಾಯುತ್ತ ಬಿಸಿಲಿಗೆ ಒಣಗಬಾರದು. ಇನ್ನೊಬ್ಬ ದುಡಿಯುವ ಹೆಣ್ಣುಮಗಳು ಅರ್ಧ ದಿನದ ಸಂಬಳ ಕಳೆದುಕೊಳ್ಳಬಾರದು. ಇದು ಯಾರ ದಾನವೂ ಅಲ್ಲ, ನಮ್ಮ ಹಕ್ಕು. ಇವತ್ತೇ ಒಂದು ಕಾರ್ಡು ಬರೆದು ಡಬ್ಬಿಗೆ ಹಾಕಿ.

ಹಳಿಯ ಜೊತೆಗೇ ರೈಲು ಬರಲಿ!
ಡಿಪೋ ಮೊದಲು ಏಳಲಿ!
ಹತ್ತು ನಿಮಿಷಕ್ಕೊಂದು ರೈಲು ನಮ್ಮ ಹಕ್ಕು!

ನಿಮ್ಮೊಂದಿಗೆ ದಿನವೂ ಓಡಾಡುವ ಪ್ರಯಾಣಿಕರು

(ಓದಿದ ಮೇಲೆ ಬಿಸಾಡಬೇಡಿ. ಪಕ್ಕದವರಿಗೆ ಕೊಡಿ. ನೆರಳಚ್ಚು ತೆಗೆಸಿ ಹಂಚಿ.)